ಸಂಶಯವೂ ಅನುಭವವೂ: ಕಾರವಾರದಲ್ಲಿ ಹುಟ್ಟಿದ ಒಂದು ನಾಟಕದ ನಿಮಿತ್ತವಾಗಿ

ಪಾಶ್ಚಾತ್ಯರದು ಸಂಶಯದ ಮಾರ್ಗ, ಪೌರಸ್ತ್ಯರದು ಅನುಭವದ ಮಾರ್ಗ ಎಂಬ ಮಾತು ನಮ್ಮ ವಿದ್ವದ್ಗೋಷ್ಠಿಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಬಹುಕಾಲದಿಂದ ರೂಢವಾಗಿರುವುದಷ್ಟೆ. ಅವರು ಕೇಳುವವರು, ನಾವು ಕಂಡವರು. ಆದುದರಿಂದ ಅವರ ಪ್ರಶ್ನೆಯು ನಮ್ಮ ದರ್ಶನವನ್ನು ಮುಟ್ಟಲಾರದು ಎಂಬುದು ಇದರ ಫಲಿತಾರ್ಥ. ನಾನೂ ಇದನ್ನು ನಂಬಿದ್ದವನೇ. ಅನೇಕ ವರ್ಷಗಳ ಹಿಂದೆ ಅಂಕೋಲೆಯ ಸೀಮೆಯ ಒಂದು ಶಾಲೆಯಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಬೋಧಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಮಾಸ್ತರರೇ, ಆಕೆ ಕಂಡದ್ದು ನಿಜವಾಗಿ ಇದ್ದದ್ದೋ, ಆಕೆಯ ಮನಸ್ಸಿನದೋ?” ಎಂದು ಕೇಳಿದಳು. “ಅದು ಅನುಭವಿಗಳಿಗೆ ಮಾತ್ರ ಗೊತ್ತು, ಕುಳಿತುಕೋ” ಎಂದೆನು. ಅವಳು ಕುಳಿತಳು; ಆ ವರ್ಷ ಮತ್ತೇನನ್ನೂ ಕೇಳಲಿಲ್ಲ. ನನ್ನ ಉತ್ತರವು ಶಾಸ್ತ್ರಸಮ್ಮತವಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಅದೇಕೆ ಸಮ್ಮತವಲ್ಲವೆಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯನ್ನೇ ನೋಡೋಣ. ಗೌತಮನ ನ್ಯಾಯಸೂತ್ರವು ಆರಂಭದಲ್ಲಿಯೇ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ. ಪ್ರಮಾಣ, ಪ್ರಮೇಯಗಳ ಅನಂತರ ಮೂರನೆಯದಾಗಿ ಬರುವುದು ಸಂಶಯವೇ. ಸಂದೇಹವಿಲ್ಲದೆಡೆ ವಿಚಾರಕ್ಕೆ ಪ್ರವೃತ್ತಿಯೇ ಇಲ್ಲವೆಂಬುದು ನೈಯಾಯಿಕರ ಆಶಯ. ಅಷ್ಟೇ ಅಲ್ಲ, ಆಪ್ತನ ಉಪದೇಶವು ಪ್ರಮಾಣವೆಂದು ಸೂತ್ರಕಾರನು ಹೇಳಿದಲ್ಲಿ, ಈ ಆಪ್ತಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿರುವನು. ದಿಕ್ಕನ್ನು ನೋಡಿ ಪ್ರಾಮಾಣ್ಯವನ್ನು ಹಂಚುವ ಪದ್ಧತಿ ನಮ್ಮ ಪ್ರಾಚೀನರಲ್ಲಿ ಇರಲಿಲ್ಲ. ಇನ್ನು ಸಂಶಯವನ್ನು ಕೊನೆಯವರೆಗೂ ಒಯ್ದವರು ಬೇಕೆಂದರೆ ನಾಗಾರ್ಜುನನೂ ಶ್ರೀಹರ್ಷನೂ ಇದ್ದಾರೆ. ಸರ್ವಪ್ರಮಾಣಗಳನ್ನೂ ಖಂಡಿಸಿದ ಜಯರಾಶಿಭಟ್ಟನ ತತ್ತ್ವೋಪಪ್ಲವಸಿಂಹವು ಪಾಟಣದ ಭಂಡಾರದಲ್ಲಿ ದೊರೆತು ೧೯೪೦ರಲ್ಲಿ ಬಡೋದೆಯಿಂದ ಅಚ್ಚಾಯಿತು.

ಪಾಶ್ಚಾತ್ಯರಲ್ಲಿಯೂ ಸಂಶಯವು ಏಕರೂಪವಾಗಿಲ್ಲ. ಗ್ರೀಕರಲ್ಲಿ ಸಂಶಯವಾದದ ಮೂಲಪುರುಷನೆನಿಸಿದ ಪಿರ‍್ರೋ ಎಂಬವನು ಅಲೆಕ್ಸಾಂಡರನ ದಂಡಿನೊಡನೆ ಭಾರತಕ್ಕೆ ಬಂದು ಇಲ್ಲಿಯ ದಿಗಂಬರ ತಪಸ್ವಿಗಳನ್ನು ಕಂಡಿದ್ದನೆಂದು ಅವರ ಪ್ರಾಚೀನ ಚರಿತ್ರಕಾರರೇ ಬರೆದಿದ್ದಾರೆ. ದೇಕಾರ್ತನು ೧೬೪೧ರಲ್ಲಿ ಎಲ್ಲವನ್ನೂ ಸಂದೇಹಿಸಹೊರಟದ್ದು ಅಲುಗಾಡದ ಒಂದು ನೆಲೆಯನ್ನು ಹುಡುಕುವುದಕ್ಕಾಗಿ. ಹ್ಯೂಮನು ೧೭೪೮ರ ತನ್ನ ಗ್ರಂಥದಲ್ಲಿ ಅದ್ಭುತಗಳ ವಿಷಯವಾಗಿ ಸಾಕ್ಷಿಯ ಮಾತನ್ನು ತೂಗಿ ನೋಡಬೇಕೆಂದನು. ಅಮೆರಿಕದ ವಿಲಿಯಂ ಜೇಮ್ಸನು ೧೯೦೨ರಲ್ಲಿ ಪ್ರಕಟಿಸಿದ ಧರ್ಮಾನುಭವಗಳ ಮೇಲಣ ಉಪನ್ಯಾಸಗಳಲ್ಲಿ ಅನುಭವವನ್ನು ಅಲ್ಲಗಳೆಯಲಿಲ್ಲ. ಅನುಭಾವವು ಕಂಡವನಿಗೆ ಪ್ರಮಾಣವಾಗಬಲ್ಲದು. ಕಾಣದವನನ್ನು ಅದು ಕಟ್ಟಿಹಾಕಲಾರದು. ಆದರೂ ಲೌಕಿಕ ಬುದ್ಧಿಯೊಂದೇ ಸರ್ವಸ್ವವೆಂಬ ಗರ್ವವನ್ನು ಅದು ಮುರಿಯುತ್ತದೆ ಎಂಬುದು ಆತನ ನಿರ್ಣಯದ ತಾತ್ಪರ್ಯ.

ಈ ವಿಚಾರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉತ್ತಮವಾದ ನಿದರ್ಶನವೊಂದುಂಟು. ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂದೆ ಆ ಪ್ರಾಂತದ ಸೇವೆಯಲ್ಲಿದ್ದ, ಇಂಡಿಯನ್ ಸಿವಿಲ್ ಸರ್ವಿಸ್ಸಿಗೆ ಪ್ರವೇಶಿಸಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ೧೮೮೩ರಲ್ಲಿ ಅವರ ತಮ್ಮ, ಆಗ ಇಪ್ಪತ್ತೆರಡು ವರ್ಷದ ರವೀಂದ್ರನಾಥರು ಅಣ್ಣನ ಮನೆಯಲ್ಲಿ ಕೆಲಕಾಲ ತಂಗಿದ್ದರು. ಬೆಳುದಿಂಗಳ ರಾತ್ರಿಯಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದುಬಂದುದನ್ನು ಅವರು ‘ಜೀವನಸ್ಮೃತಿ’ಯಲ್ಲಿ ಬಣ್ಣಿಸಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದು ಇಲ್ಲಿಯೇ. ಅದು ೧೮೮೪ರಲ್ಲಿ ಪ್ರಕಟವಾಯಿತು. ಹಗಲೆಲ್ಲ ಸಾಕ್ಷಿಗಳ ಮಾತನ್ನು ತೂಗುತ್ತಿದ್ದ ನ್ಯಾಯಾಧೀಶರ ಮನೆಯಲ್ಲಿ ಇಂಥ ನಾಟಕವು ಹುಟ್ಟಿತೆಂಬುದು ಆಕಸ್ಮಿಕವಾದರೂ ಸ್ಮರಣೀಯವಾಗಿದೆ.

ಇದಕ್ಕೂ ಮುಂಚೆ, ೧೮೮೨ರಲ್ಲಿ, ಕಲಕತ್ತೆಯ ಸದರ್ ಸ್ಟ್ರೀಟಿನ ಮನೆಯಲ್ಲಿ ಒಂದು ಮುಂಜಾನೆ ಅವರಿಗೆ ಜಗತ್ತಿನ ಮೇಲಣ ತೆರೆಯು ಸರಿದು ಎಲ್ಲವೂ ಆನಂದಮಯವಾಗಿ ತೋರಿತ್ತು. ಹಿಮಾಲಯದಲ್ಲಿ ಇನ್ನೂ ಹೆಚ್ಚಾಗಿ ಕಾಣುವೆನೆಂದು ದಾರ್ಜಿಲಿಂಗಿಗೆ ಹೋದರೆ, ಅಲ್ಲಿ ಆ ದರ್ಶನವಾಗಲಿಲ್ಲ. ಇದನ್ನು ಮುಚ್ಚಿಡದೆ ಅವರೇ ಬರೆದಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಅನುಭವವನ್ನು ಪಡೆದವನೇ ಅದರ ಮಿತಿಯನ್ನೂ ದಾಖಲಿಸಿದನು.

ಕಾರವಾರದ ನಾಟಕದ ನಾಯಕನು ಒಬ್ಬ ಸಂನ್ಯಾಸಿ. ಗುಹೆಯಲ್ಲಿ ತಪಸ್ಸು ಮಾಡಿ ಸ್ನೇಹಬಂಧಗಳನ್ನೆಲ್ಲ ಗೆದ್ದೆನೆಂಬ ನಿಶ್ಚಯದಿಂದ ಊರಿಗೆ ಬರುತ್ತಾನೆ. ಎಲ್ಲರೂ ಅಸ್ಪೃಶ್ಯಳೆಂದು ದೂರವಿಟ್ಟ ಅನಾಥ ಬಾಲಿಕೆಯೊಬ್ಬಳು ಅವನನ್ನು ಆಶ್ರಯಿಸುತ್ತಾಳೆ. ಅವನ ಹೃದಯವು ಕರಗುತ್ತದೆ. ಅದನ್ನು ಸೋಲೆಂದು ಬಗೆದು ಅವಳನ್ನು ತೊರೆದು ಓಡುತ್ತಾನೆ. ಕೊನೆಗೆ ದಂಡಕಮಂಡಲುಗಳನ್ನು ಎಸೆದು ಹಿಂದಿರುಗುವ ವೇಳೆಗೆ ಅವಳು ಸತ್ತಿರುತ್ತಾಳೆ. ಇಲ್ಲಿ ಸಂನ್ಯಾಸಿಯ ಅನುಭವವನ್ನು ಪರೀಕ್ಷಿಸಿದವರು ಯಾರು? ಯಾವ ಪಾಶ್ಚಾತ್ಯ ತಾರ್ಕಿಕನೂ ಅಲ್ಲ. ಹಿಡಿ ಅನ್ನಕ್ಕೂ ಪ್ರೀತಿಗೂ ಹಂಬಲಿಸಿದ ಮಗು. ‘ನಾನು ಕಂಡೆ’ ಎಂಬ ಮಾತನ್ನು ಬದುಕು ತೂಗಿತು, ತೂಕ ಕಡಮೆಯಾಯಿತು. ಅಪರಿಮಿತವನ್ನು ಪರಿಮಿತದೊಳಗೇ ಪಡೆಯುವ ಆನಂದವೇ ತಮ್ಮ ಮುಂದಿನ ಸಮಸ್ತ ಕೃತಿಗಳ ವಿಷಯವೆಂದೂ ಈ ನಾಟಕವು ಅದಕ್ಕೆ ಪೀಠಿಕೆಯೆಂದೂ ಕವಿಗಳು ಮುಂದೆ ಹೇಳಿಕೊಂಡರು.

ಇದೇ ಕವಿಗಳು ೧೯೩೦ನೆಯ ಜುಲೈ ೧೪ರಂದು ಬರ್ಲಿನ್ನಿನ ಸಮೀಪದ ಕಾಪುತ್ ಗ್ರಾಮದಲ್ಲಿ ವಿಜ್ಞಾನಿ ಐನ್‌ಸ್ಟೈನರನ್ನು ಕಂಡು ಸತ್ಯಸ್ವರೂಪವನ್ನು ಕುರಿತು ಸಂವಾದಿಸಿದರು. ಮನುಷ್ಯಚೈತನ್ಯದ ಸಂಬಂಧವಿಲ್ಲದ ಸತ್ಯವು ನಮಗೆ ಇಲ್ಲದುದಕ್ಕೆ ಸಮಾನವೆಂದು ರವೀಂದ್ರರು ವಾದಿಸಿದರು. ಮನುಷ್ಯನಿಲ್ಲದಿದ್ದರೂ ಸತ್ಯವು ಸತ್ಯವೇ. ಇದನ್ನು ಸಾಧಿಸಿ ತೋರಿಸಲಾರೆನಾದರೂ ಇದೇ ತನ್ನ ಧರ್ಮವೆಂದು ಐನ್‌ಸ್ಟೈನರು ನುಡಿದರು. ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕನೆಂದೂ ಸೇರಿಸಿದರು. ರೂಢಿಯ ಮಾತಿನಂತೆ ಸಂದೇಹಿಸಬೇಕಾಗಿದ್ದವರು ಶ್ರದ್ಧೆಯನ್ನು ಹೇಳಿದರು. ದರ್ಶನವನ್ನು ಸಾರಬೇಕಾಗಿದ್ದವರು ವಿಮರ್ಶೆಗೆ ನಿಂತರು. ಪೂರ್ವಪಶ್ಚಿಮಗಳ ಹಂಚಿಕೆಯು ಇಲ್ಲಿ ಸಂಪೂರ್ಣವಾಗಿ ತಲೆಕೆಳಗಾಗಿದೆ.

ಹಾಗಾದರೆ ಭೇದವಿರುವುದು ಎಲ್ಲಿ? ದಿಕ್ಕುಗಳಲ್ಲಿ ಅಲ್ಲ, ಪ್ರಶ್ನೆಗಳಲ್ಲಿ. ವೇದಾಂತಿಗಳ ಶುಕ್ತಿರಜತ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಕಾರವಾರ ಅಂಕೋಲೆಗಳ ಕಡಲತೀರದಲ್ಲಿ ಬೆಳೆದ ಮಕ್ಕಳಿಗೆ ಅದನ್ನು ವಿವರಿಸಬೇಕಾದುದೇ ಇಲ್ಲ. ಬಿಸಿಲಿನಲ್ಲಿ ಚಿಪ್ಪು ಬೆಳ್ಳಿಯಂತೆ ಹೊಳೆಯುತ್ತದೆ. ಬೆಳ್ಳಿಯೆಂದು ತೋರಿತೆಂಬುದು ನಿಜ. ಯಾರೂ ಅದನ್ನು ಅಲ್ಲವೆನ್ನಲಾರರು. ಅಲ್ಲಿ ಬೆಳ್ಳಿಯಿತ್ತೇ ಎಂಬುದು ಎರಡನೆಯ ಪ್ರಶ್ನೆ. ಕಂಡವನ ಮಾತನ್ನು ನಂಬಿ ನಾನು ಹಣ ಕೊಡಬೇಕೇ ಎಂಬುದು ಮೂರನೆಯದು. ಬಾಧಕಜ್ಞಾನವು ಬರುವವರೆಗೆ ಅರಿವು ಸ್ವತಃ ಪ್ರಮಾಣವೆಂದು ಮೀಮಾಂಸಕರು ಹೇಳಿದರು. ಪ್ರವೃತ್ತಿಯು ಸಫಲವಾದಾಗಲೇ ಪ್ರಾಮಾಣ್ಯವು ನಿಶ್ಚಿತವೆಂದು ನೈಯಾಯಿಕರು ಹೇಳಿದರು. ಬ್ರಹ್ಮಜ್ಞಾನವು ಅನುಭವದಲ್ಲಿ ಪರ್ಯವಸಾನವಾಗುವುದೆಂದ ಶಂಕರಾಚಾರ್ಯರೇ, ಪ್ರತ್ಯಕ್ಷವಿರುದ್ಧವಾಗಿ ಬೆಂಕಿಯನ್ನು ತಂಪೆನ್ನುವ ಶ್ರುತಿವಾಕ್ಯವಿದ್ದರೂ ಅದು ಪ್ರಮಾಣವಾಗದೆಂಬ ಅಭಿಪ್ರಾಯವನ್ನು ಗೀತಾಭಾಷ್ಯದಲ್ಲಿ ಹೇಳಿರುವರು. ಅನುಭವಕ್ಕೆ ಗೌರವ, ಪರೀಕ್ಷೆಗೆ ಅವಕಾಶ, ಇವೆರಡೂ ನಮ್ಮ ಶಾಸ್ತ್ರಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಸಾಹಿತ್ಯವನ್ನು ಬೋಧಿಸುವ ಮಿತ್ರರಿಗೆ ಇದು ಕೇವಲ ದರ್ಶನಶಾಸ್ತ್ರದ ಮಾತಲ್ಲ. ವಚನವನ್ನೋ ದಾಸರ ಪದವನ್ನೋ ಓದಿಸುವಾಗ ಈ ಮೂರು ಪ್ರಶ್ನೆಗಳನ್ನು ಬೆರಸಿಬಿಟ್ಟರೆ ಎರಡು ಅನರ್ಥಗಳು ಸಂಭವಿಸುತ್ತವೆ. ಸಂದೇಹಿಸುವ ವಿದ್ಯಾರ್ಥಿಯು ಕವಿಯನ್ನೇ ಸುಳ್ಳುಗಾರನೆಂದು ತಳ್ಳಿಹಾಕುತ್ತಾನೆ. ವಿಧೇಯನಾದ ವಿದ್ಯಾರ್ಥಿಯು ಅರಿಯದೆಯೇ ತಲೆದೂಗುತ್ತಾನೆ. ಇಬ್ಬರೂ ಕಾವ್ಯವನ್ನು ಕಳೆದುಕೊಳ್ಳುತ್ತಾರೆ.

ಅಂದು ಕೇಳಿದ ಹುಡುಗಿಯು ನೈಯಾಯಿಕರು ಎಲ್ಲಿಂದ ವಿಚಾರವನ್ನು ಆರಂಭಿಸುತ್ತಾರೋ ಅಲ್ಲಿಯೇ ನಿಂತಿದ್ದಳು. ನಾನು ಅವಳಿಗೆ ಹೇಳಬೇಕಾಗಿದ್ದುದು ಇಷ್ಟೇ: “ಆಕೆ ಕಂಡಳೆಂಬುದು ನಿಜ, ಮಗೂ, ಆ ಮಾತಿನ ಸತ್ತ್ವವೇ ಅದಕ್ಕೆ ಸಾಕ್ಷಿ. ಕಂಡದ್ದು ಏನೆಂಬುದನ್ನು ಸಾವಿರಾರು ವರ್ಷಗಳಿಂದ ವಿಚಾರಿಸುತ್ತಿದ್ದಾರೆ. ನೀನು ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ. ಬಾ, ಇನ್ನೊಮ್ಮೆ ಓದೋಣ.” ಅವಳನ್ನು ಕುಳ್ಳಿರಿಸಿದುದು ಶಾಸ್ತ್ರವಲ್ಲ, ಶಾಸ್ತ್ರವನ್ನು ಅರ್ಧಕ್ಕೆ ಓದಿದ್ದ ನಾನು. ಸಹೃದಯರು ತಮ್ಮ ತರಗತಿಗಳಲ್ಲಿ ಅಂಥ ಪ್ರಶ್ನೆಯನ್ನು ನಿಲ್ಲಗೊಡಲಿ ಎಂದು ವಿಜ್ಞಾಪಿಸಿ ವಿರಮಿಸುತ್ತೇನೆ.