ಯವನರ ನಗರಗಳೂ ನಮ್ಮ ಕೇರಿಗಳ ಹಲರೂ

ಕುಂದಾಪುರಕ್ಕೆ ಸಮೀಪದಲ್ಲಿ, ವಾರಾಹೀ ನದಿಯ ದಡದ ಬಸರೂರನ್ನು ಇಂದು ನೋಡುವವರು, ಅದು ಒಂದು ಕಾಲಕ್ಕೆ ಅಕ್ಕಿಯ ವ್ಯಾಪಾರದಿಂದ ಸಮುದ್ರದಾಚೆಗೂ ಹೆಸರಾಂತ ಪಟ್ಟಣವಾಗಿತ್ತೆಂದರೆ ಸುಲಭವಾಗಿ ನಂಬಲಾರರು. ಅದರ ಸಿರಿಗಿಂತಲೂ ಅಲ್ಲಿಯ ಆಡಳಿತದ ರೀತಿಯೇ ನಮಗೆ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ.

ಬಸರೂರಿನ ಶಾಸನಗಳಲ್ಲಿ ಪಡುವಕೇರಿ, ಮೂಡಕೇರಿ ಎಂಬ ಎರಡು ಕೇರಿಗಳ ಹೆಸರು ಬರುತ್ತದೆ. ಬ್ರಹ್ಮಾವರದ ಸೀಮೆಯ ಬಾರಕೂರಿಗೆ ಹತ್ತು ಕೇರಿಗಳು. ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಮೊದಲಾದ ಹೆಸರುಗಳು ಈಗಲೂ ಜನರ ಬಾಯಲ್ಲಿವೆ. ಕೇರಿಯ ವ್ಯವಹಾರವನ್ನು ನಡೆಸುತ್ತಿದ್ದವರು 'ಹಲರು'. ಒಬ್ಬನಲ್ಲ, ಹಲವರು ಎಂಬ ಅರ್ಥವು ಆ ಶಬ್ದದಲ್ಲಿಯೇ ಇದೆ. ಪೋರ್ತುಗೀಸರ ಬರೆಹಗಳಲ್ಲಿ 'ಚಾಟಿನ್' ಎಂದು ಕಾಣುವವರು ಈ ಪಟ್ಟಣದ ಸೆಟ್ಟಿಗಳೇ.

ಇದನ್ನೋದುವಾಗ ನಮಗೆ ಪ್ರಾಚೀನ ಯವನರ ನೆನಪಾಗುತ್ತದೆ. ಗ್ರೀಸು ದೇಶದಲ್ಲಿಯೂ ಬೆಟ್ಟ ಕಡಲುಗಳ ನಡುವೆ ನಗರಕ್ಕೊಂದು ರಾಜ್ಯ, ರಾಜ್ಯಕ್ಕೊಂದು ಸಭೆ. ಆದರೆ ಅಥೆನ್ಸು ಸ್ಪಾರ್ಟಗಳು ಕ್ರಿ. ಪೂ. 431ರಿಂದ 404ರ ವರೆಗೆ ಹೋರಾಡಿ ಒಂದನ್ನೊಂದು ಬಡವಾಗಿಸಿದುವು. 371ರಲ್ಲಿ ಲ್ಯೂಕ್ಟ್ರದ ರಣದಲ್ಲಿ ಥೀಬ್ಸು ಸ್ಪಾರ್ಟವನ್ನು ಮುರಿಯಿತು. 362ರಲ್ಲಿ ಮಾಂಟಿನಿಯದ ಯುದ್ಧದಲ್ಲಿ ನಾಯಕನಾದ ಎಪಾಮಿನೊಂಡಾಸನನ್ನು ಕಳೆದುಕೊಂಡು ತಾನೂ ಕುಗ್ಗಿತು. ಇತ್ತ 359ರಲ್ಲಿ ಉತ್ತರದ ಮಾಸಿಡೋನಿಯದ ಅಧಿಕಾರವು ಫಿಲಿಪ್ಪನ ಕೈಸೇರಿತು. ಅವನು ನೀಳವಾದ ಈಟಿಗಳ ಕಾಲಾಳುಪಡೆಯನ್ನು ಕಟ್ಟಿದನು, ಗಣಿಗಳ ಚಿನ್ನವನ್ನು ವಶಪಡಿಸಿಕೊಂಡನು, ನಗರಗಳ ಜಗಳಗಳಲ್ಲಿ ನಡುವಣಿಗನಾಗಿ ಕಾಲಿಟ್ಟನು. ಡೆಮಾಸ್ಥನೀಸನು ವರ್ಷಗಟ್ಟಲೆ ಎಚ್ಚರಿಸಿದರೂ ಅಥೆನ್ಸು ಥೀಬ್ಸುಗಳು ಕೈಗೂಡಿಸಿದಾಗ ಹೊತ್ತು ಮೀರಿತ್ತು. 338ರಲ್ಲಿ ಕೈರೋನಿಯದಲ್ಲಿ ಅವು ಸೋತುವು. ಸಭೆಗಳು ಉಳಿದುವು, ಯುದ್ಧ ಸಂಧಿಗಳ ಮಾತು ಮಾತ್ರ ಅವುಗಳ ಕೈಬಿಟ್ಟಿತು.

ನಮ್ಮ ಕರಾವಳಿಯಲ್ಲಿ ನಡೆದುದೂ ಬಹುಮಟ್ಟಿಗೆ ಇದೇ. 1565ರ ರಕ್ಕಸತಂಗಡಿಯ ಸೋಲಿನಿಂದ ವಿಜಯನಗರದ ನೆರಳು ಸರಿಯಿತು. 1569ರಲ್ಲಿ ಪೋರ್ತುಗೀಸರು ಬಸರೂರಿನ ಮೇಲೆ ಬಿದ್ದರು. ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿಯ ಅರಸರು ಕೆಳಗಿಳಿದರು. 1650ರ ದಶಕದಲ್ಲಿ ಶಿವಪ್ಪನಾಯಕನು ಪೋರ್ತುಗೀಸರ ಕೋಟೆಗಳನ್ನು ಕಿತ್ತುಕೊಂಡನು. 1665ರಲ್ಲಿ ಶಿವಾಜಿಯು ಕಡಲ ಮಾರ್ಗವಾಗಿ ಬಂದು ಬಸರೂರನ್ನು ಸೂರೆಮಾಡಿದನು. ವ್ಯಾಪಾರವು ಒಮ್ಮೆಗೇ ನಿಲ್ಲಲಿಲ್ಲ. ಆದರೆ ಪಟ್ಟಣದ ಭವಿಷ್ಯವನ್ನು ನಿರ್ಣಯಿಸುವವರು ಬೇರೆಯವರಾದರು.

ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಯವನರ ನಗರಗಳು ಸ್ವತಂತ್ರ ರಾಜ್ಯಗಳು. ನಮ್ಮ ಹಲರು ಯಾವನಾದರೊಬ್ಬ ದೊರೆಯ ಛತ್ರದ ಕೆಳಗಿದ್ದವರು. ಆದರೂ ಪಾಠವು ಒಂದೇ. ಕೌಟಿಲ್ಯನು ಅರ್ಥಶಾಸ್ತ್ರದ ಹನ್ನೊಂದನೆಯ ಅಧಿಕರಣವನ್ನು ಸಂಘಗಳಿಗೇ ಮೀಸಲಿಟ್ಟು, ಅವುಗಳನ್ನು ಗೆಲ್ಲಲು ಭೇದವೇ ಉಪಾಯವೆಂದು ತೋರಿಸಿದ್ದಾನೆ. ಶಾಂತಿಪರ್ವದಲ್ಲಿ ಭೀಷ್ಮನೂ ಗಣಗಳ ನಾಶಕ್ಕೆ ಒಳಒಡಕೇ ಮೂಲವೆನ್ನುತ್ತಾನೆ. ಹಲವರು ಕೂಡಿ ಆಳುವುದು ದೊಡ್ಡದು; ತಮ್ಮ ಕೇರಿಯಾಚೆಯ ಹಲವರೊಡನೆ ಕೂಡಿ ಬಾಳುವುದು ಅದಕ್ಕಿಂತಲೂ ಕಠಿನ. ಮುಂದೆ ಬಾರಕೂರಿಗೆ ಹೋಗುವ ವಾಚಕರು ದೇಗುಲಗಳನ್ನು ನೋಡಿದ ಬಳಿಕ ಮಕ್ಕಳಿಗೆ ಆ ಕೇರಿಗಳ ಹೆಸರುಗಳನ್ನೂ ಹೇಳಿಕೊಡಲಿ.