ಹೈನದ ಆಕಳು: ಹಾಲು ಎಲ್ಲಿಂದ ಬರುವದು?

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಮೇಲಿನ ನಮ್ಮ ಕುಂಭಾರಿಯ ಸೀಮೆ ಮಳೆಯನ್ನು ನಂಬಿದ ಸೀಮೆ. ಒಂದು ವರ್ಷ ಜೋಳ ಕೈಗೆ ಬಂದರೆ ಇನ್ನೊಂದು ವರ್ಷ ಬಾರದು. ಅಂಥ ವರ್ಷದಲ್ಲಿ ಒಕ್ಕಲಿಗನ ಮನೆಯ ಉಪ್ಪು-ಎಣ್ಣೆಯ ಖರ್ಚನ್ನೂ ಮಕ್ಕಳ ಶಾಲೆಯ ಖರ್ಚನ್ನೂ ನಡೆಸುವದು ಹೈನವೇ. ಆದುದರಿಂದ ಆಕಳನ್ನು ಕೊಳ್ಳುವಾಗ "ದಿನಕ್ಕೆ ಎಷ್ಟು ಹಾಲು?" ಎಂದು ಮಾತ್ರ ಕೇಳಿ ಸಾಲದ ಹಣವನ್ನು ಎಣಿಸಿಕೊಡುವದು ಸರಿಯಲ್ಲ. ಆ ಹಾಲು ಎಲ್ಲಿಂದ ಬರುವದು, ಅದಕ್ಕೆ ತಕ್ಕ ನೀರು-ಮೇವು ನಮ್ಮಲ್ಲಿ ಉಂಟೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು.

ತಳಿಗಳು

ನಮ್ಮ ನೆಲದ ದನವೆಂದರೆ ಖಿಲಾರಿ. ಸಂಕ್ರಮಣದ ಹೊತ್ತಿಗೆ ಸಿದ್ಧರಾಮೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಜನರ ಕಣ್ಣು ಮೊದಲು ಬೀಳುವದು ಖಿಲಾರಿ ಹೋರಿಗಳ ಮೇಲೆಯೇ. ಬಿಸಿಲು ತಡೆಯುವದರಲ್ಲಿ, ಗಳೆ ಹೊಡೆಯುವದರಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಅದು ದುಡಿಮೆಯ ತಳಿ. ಒಂದು ಸೂಲಿಗೆ 400-500 ಲೀಟರು ಹಾಲು ಕೊಟ್ಟರೆ ಅದೇ ಹೆಚ್ಚು. ಲಾತೂರು-ಬೀದರ ಕಡೆಯ ದೇವಣಿ ಎರಡಕ್ಕೂ ಆಗುವ ತಳಿ. ಎತ್ತೂ ಒಳ್ಳೆಯದು, ಹಾಲೂ ಸೂಲಿಗೆ 800-1000 ಲೀಟರು. ಕಾಠಿಯಾವಾಡದಿಂದ ಬಂದ ಗೀರ ಆಕಳು ಚೆನ್ನಾಗಿ ನೋಡಿಕೊಂಡರೆ 2000 ಲೀಟರಿನವರೆಗೆ ಕೊಡುವದು.

ಹಾಲೆಂಡದ ಹೋಲ್‌ಸ್ಟೀನ್ ಫ್ರೀಜಿಯನ್, ಇಂಗ್ಲೆಂಡಿನ ಸಮೀಪದ ನಡುಗಡ್ಡೆಯ ಜರ್ಸಿ, ಇವುಗಳ ಬೀಜದಿಂದ ಹುಟ್ಟಿದ ಮಿಶ್ರ ತಳಿಗಳು 1970ರ ಕ್ಷೀರಕ್ರಾಂತಿಯ ನಂತರ ಹಳ್ಳಿಹಳ್ಳಿಗೂ ಬಂದವು. ಫ್ರೀಜಿಯನ್ ಮಿಶ್ರ ತಳಿ ಸೂಲಿಗೆ 3000 ಲೀಟರು ದಾಟಬಲ್ಲದು. ಆದರೆ ಅದು ತಂಪು ನಾಡಿನ ರಕ್ತ. ನೆರಳು, ಹಸಿಮೇವು, ಕೊಡಗಟ್ಟಲೆ ನೀರು ಇಲ್ಲದಿದ್ದರೆ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತೇಕುತ್ತ ನಿಂತು ಹಾಲು ಇಳಿಸಿಬಿಡುವದು.

ಆಕಳಲ್ಲದಿದ್ದರೂ ನಮ್ಮ ಜಿಲ್ಲೆಯ ಪಂಢರಪುರಿ ಎಮ್ಮೆಯನ್ನು ಮರೆಯಲಾಗದು. ಭುಜ ದಾಟುವ ಕತ್ತಿಯಂಥ ಕೊಂಬುಗಳ ಈ ಎಮ್ಮೆ ಒಣಮೇವಿನ ಮೇಲೂ ಹಾಲು ಹಿಡಿಯುವದು. ಅದರ ಹಾಲಿನಲ್ಲಿ ಫ್ಯಾಟ್ ಸುಮಾರು 7. ಮಿಶ್ರ ಆಕಳ ಹಾಲಿನಲ್ಲಿ 3.5ರ ಆಸುಪಾಸು.

ಹಾಲು ಆಗುವ ಬಗೆ

ಕೆಚ್ಚಲೆಂದರೆ ಹಾಲು ತುಂಬಿಟ್ಟ ಗಡಿಗೆಯಲ್ಲ. ಅದು ಹಾಲು ಮಾಡುವ ಕಾರಖಾನೆ. ಆಕಳು ತಿಂದ ಮೇವಿನ ಸಾರ ರಕ್ತದಲ್ಲಿ ಸೇರಿ ಕೆಚ್ಚಲಿಗೆ ಬರುವದು. ಒಂದು ಲೀಟರು ಹಾಲಾಗಬೇಕಾದರೆ 400-500 ಲೀಟರು ರಕ್ತ ಕೆಚ್ಚಲೊಳಗೆ ಹರಿದು ಹೋಗಬೇಕು. ಹಾಲಿನ ನೂರು ಪಾಲಿನಲ್ಲಿ 87 ಪಾಲು ನೀರೇ. ನೀರು ಕಡಿಮೆಯಾದ ದಿನ ಹಾಲೂ ಕಡಿಮೆಯಾಗುವದು ಇದರಿಂದಲೇ.

ಆದ ಹಾಲು ತಾನಾಗಿ ಇಳಿಯದು. ಕರು ಮೊಲೆಗೆ ಬಾಯಿ ಹಾಕಿದಾಗ, ಇಲ್ಲವೆ ಉಗುರುಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದಾಗ, ಆಕ್ಸಿಟೋಸಿನ್ ಎಂಬ ರಸ ಮಿದುಳಿನಿಂದ ರಕ್ತಕ್ಕೆ ಇಳಿದು ಕೆಚ್ಚಲನ್ನು ಹಿಂಡುವದು. ಇದಕ್ಕೇ ನಾವು ಸೊರೆ ಬಿಡುವದು ಎನ್ನುತ್ತೇವೆ. ಈ ರಸದ ಬಲ 5-7 ನಿಮಿಷ ಮಾತ್ರ; ಅಷ್ಟರಲ್ಲಿ ಹಿಂಡಿ ಮುಗಿಸಬೇಕು. ಹೊಡೆದರೆ, ನಾಯಿ ಬೊಗಳಿದರೆ, ಹೊಸ ಕೈ ತಾಗಿದರೆ ಆಕಳು ಬೆದರಿ ಹಾಲು ಏರಿಸಿಕೊಳ್ಳುವದು. ಕೊನೆಯ ಹಾಲಿನಲ್ಲಿಯೇ ಫ್ಯಾಟ್ ಹೆಚ್ಚು. ಡೇರಿಯವರು ಫ್ಯಾಟ್ ನೋಡಿ ದರ ಕೊಡುವರು. ಅರ್ಧ ಹಿಂಡಿ ಏಳುವವನಿಗೆ ಹಾಲೂ ಹೋಯಿತು, ದರವೂ ಹೋಯಿತು. ಸೊರೆ ಬಿಡಿಸಲೆಂದು ಕೆಲವರು ಚುಚ್ಚುವ ಇಂಜೆಕ್ಷನ್ ಕ್ರೌರ್ಯ. ಕಾಯಿದೆಯೂ ಅದನ್ನು ಒಪ್ಪದು.

ಕರುವಿನ ಲೆಕ್ಕ

ಈಯದ ಆಕಳಿಗೆ ಹಾಲಿಲ್ಲ. ಆದುದರಿಂದ ದಿನದ ಹಾಲಿಗಿಂತ ಈಯುವ ಅಂತರವನ್ನು ನೋಡಬೇಕು. ಒಂದು ಆಕಳು ದಿನಕ್ಕೆ ಸರಾಸರಿ 8 ಲೀಟರಿನಂತೆ ಹತ್ತು ತಿಂಗಳು ಕೊಟ್ಟು, 18 ತಿಂಗಳಿಗೊಮ್ಮೆ ಈಯುತ್ತದೆ ಎನ್ನೋಣ. ಒಟ್ಟು 2400 ಲೀಟರು. 540 ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕೂವರೆ ಲೀಟರಿಗೂ ತುಸು ಕಡಿಮೆ. ಇನ್ನೊಂದು ಆಕಳು 6 ಲೀಟರಿನಂತೆ ಹತ್ತು ತಿಂಗಳು ಕೊಟ್ಟು, 13 ತಿಂಗಳಿಗೊಮ್ಮೆ ಈಯುತ್ತದೆ. ಅದರ 1800 ಲೀಟರನ್ನು 390 ದಿನಕ್ಕೆ ಹಂಚಿದರೆ ನಾಲ್ಕೂವರೆಗೂ ತುಸು ಹೆಚ್ಚು! ಕರುವೂ ಬೇಗ ಬಂದಿತು, ಬರಿಗೆಚ್ಚಲಿಗೆ ಹಾಕುವ ಮೇವೂ ಉಳಿಯಿತು.

ಆಕಳಿನ ಗಬ್ಬದ ಅವಧಿ ಸುಮಾರು 280 ದಿನ. ಈದ ಎರಡು-ಮೂರು ತಿಂಗಳಲ್ಲಿ ಮತ್ತೆ ಗಬ್ಬ ನಿಂತರೆ ಲೆಕ್ಕ ಸರಿಹೋಗುವದು. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುವದು. ಮುಂಜಾನೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಹೋರಿ ಕೊಡಿಸಬೇಕು, ಇಲ್ಲವೆ ಬೀಜ ಹಾಕಿಸಬೇಕು. ಈಯುವ ಎರಡು ತಿಂಗಳು ಮೊದಲು ಹಿಂಡುವದನ್ನು ಬಿಡಬೇಕು. ಹುಟ್ಟಿದ ಕರುವಿಗೆ ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಲೇಬೇಕು. ಅದರ ರೋಗ ತಡೆಯುವ ಶಕ್ತಿ ಅದರಲ್ಲಿಯೇ ಇರುವದು.

ಮೇವು-ನೀರು

ಮೋಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ಜೋಳದ ಕಣಿಕೆ ನಮ್ಮ ದನಗಳ ದೊಡ್ಡ ಆಸರೆ. ಅದನ್ನು ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಹಾಳಾಗುವದು ಕಡಿಮೆ. ಆದರೆ ಕಣಿಕೆಯೊಂದರಿಂದಲೇ ಹಾಲು ಬಾರದು. ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋದಂತೆ ಹಿಂಡಿ-ಹೊಟ್ಟಿನ ದಾಣಿ ಬೇಕು. ಮಳೆ ಹೋಗಿ ಬಾಡಿದ ಎಳೆಯ ಜೋಳದ ಬೆಳೆಗೆ ದನಗಳನ್ನು ಬಿಡಬಾರದು, ಅದರಲ್ಲಿ ವಿಷವುಂಟು. ನೀರನ್ನು ಮಾತ್ರ ಅಳೆಯಬಾರದು; ಕುಡಿದಷ್ಟೂ ಇಡಬೇಕು.

ಹಾಗಾದರೆ ಯಾವ ದನ ಕಟ್ಟಬೇಕು? ಬೇಸಗೆಯಲ್ಲಿಯೂ ಬತ್ತದ ಬಾವಿ, ಹಸಿಮೇವಿನ ನಾಲ್ಕು ಗುಂಟೆ ಇದ್ದವರು ಒಂದು ಮಿಶ್ರ ತಳಿಯಿಂದ ಆರಂಭಿಸಬಹುದು. ನೀರು ಕಾಣದ ಹೊಲದವರಿಗೆ ದೇವಣಿ ಇಲ್ಲವೆ ಪಂಢರಪುರಿಯೇ ಲೇಸು. ಎತ್ತಿನ ಒಕ್ಕಲುತನ ಉಳಿಸಿಕೊಂಡವರು ಖಿಲಾರಿಯನ್ನು ಬಿಡಬಾರದು. ಸಂತೆಗೆ ಹೋಗುವ ಮೊದಲು ನಮ್ಮ ಬಾವಿಗೆ ಹೋಗಿ ಇಣುಕಿ ನೋಡೋಣ; ನಮಗೆ ತಕ್ಕ ಆಕಳು ಯಾವುದೆಂಬುದನ್ನು ಅದೇ ಹೇಳುವದು.