ಮೊದಲು ಬಂದವರು ಗೆಲ್ಲದ ರೇಸು: ಫ್ರಾನ್ಸಿನ ಮೊದಲ ರೇಸ್ ಕಾರುಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತು ಕಾರ್ ರೇಸಿನ ಬಗ್ಗೆ ಮಾತಾಡೋಣ. ರೇಸ್ ಅಂದ ಕೂಡಲೇ ನಮ್ಮ ತಲೆಯಲ್ಲಿ ಇರೋದು ಒಂದೇ ಲೆಕ್ಕ: ಮೊದಲು ಗುರಿ ಮುಟ್ಟಿದವರು ಗೆದ್ದರು. ಆದರೆ ಈ ಆಟ ಬೆಳೆದ ಫ್ರಾನ್ಸಿನಲ್ಲಿ ಮೊದಲ ಎರಡು ದೊಡ್ಡ ಸ್ಪರ್ಧೆಗಳಲ್ಲೂ ಮೊದಲು ಬಂದವರಿಗೆ ಮೊದಲ ಬಹುಮಾನ ಸಿಗಲೇ ಇಲ್ಲ. ಯಾಕೆ ಸಿಗಲಿಲ್ಲ? ಮುಂದೆ ವೇಗವೇ ಎಲ್ಲವೂ ಆದಾಗ ಏನಾಯ್ತು? 1894ರಿಂದ 1906ರವರೆಗಿನ ಹನ್ನೆರಡು ವರ್ಷಗಳ ಕಥೆ ಇದು.

ಪತ್ರಿಕೆಯವರು ಇಟ್ಟ ಪರೀಕ್ಷೆ

1894ರ ಜುಲೈ 22. ಪ್ಯಾರಿಸ್ಸಿನ ‘ಲೆ ಪೆಟಿ ಜೂರ್ನಾಲ್’ ಪತ್ರಿಕೆ ಕುದುರೆಯಿಲ್ಲದ ಗಾಡಿಗಳಿಗೆ ಒಂದು ಸ್ಪರ್ಧೆ ಇಟ್ಟಿತು. ಪ್ಯಾರಿಸ್‌ನಿಂದ ರುವಾನ್ ಊರಿಗೆ, ಸುಮಾರು 126 ಕಿ.ಮೀ. ದಾರಿ. ಮಧ್ಯಾಹ್ನ ಊಟಕ್ಕೆ ನಡುವೆ ಒಂದೂವರೆ ಗಂಟೆ ಬಿಡುವು ಬೇರೆ!

ಪತ್ರಿಕೆ ಹಾಕಿದ್ದ ಷರತ್ತು ಏನು ಗೊತ್ತಾ? ಗಾಡಿ ಅಪಾಯಕಾರಿ ಆಗಿರಬಾರದು, ಸುಲಭವಾಗಿ ಓಡಿಸೋ ಹಾಗಿರಬೇಕು, ಓಡಿಸೋ ಖರ್ಚು ಹೆಚ್ಚಿರಬಾರದು. ಅಂದ್ರೆ, ಸಾಮಾನ್ಯ ಜನರ ಕೈಗೆ ಕೊಡಬಹುದಾದ ಗಾಡಿ ಯಾವುದು ಅಂತ ಅವರು ಹುಡುಕುತ್ತಿದ್ದರು.

ರುವಾನ್‌ಗೆ ಮೊದಲು ತಲುಪಿದ್ದು ಕೌಂಟ್ ಜೂಲ್ ಆಲ್ಬರ್ ದ ಡಿಯೋನ್. ಆದರೆ ಅವರದ್ದು ಉಗಿ ಗಾಡಿ. ಬಾಯ್ಲರ್‌ನ ಬೆಂಕಿ ನೋಡಿಕೊಳ್ಳೋಕೆ ಇನ್ನೊಬ್ಬ ಬೇಕೇ ಬೇಕು. ‘ಸುಲಭವಾಗಿ ಓಡಿಸಬಹುದು’ ಅನ್ನೋ ಷರತ್ತಿಗೆ ಇದು ಹೊಂದಲಿಲ್ಲ. ತೀರ್ಪುಗಾರರು ಅವರಿಗೆ ಎರಡನೇ ಬಹುಮಾನ ಕೊಟ್ಟು, ಮೊದಲ ಬಹುಮಾನವನ್ನು ಪೆಟ್ರೋಲ್ ಗಾಡಿ ತಯಾರಿಸಿದ್ದ ಎರಡು ಕಂಪನಿಗಳಿಗೆ ಹಂಚಿದರು. ಒಂದು ಪ್ಯೂಜೊ, ಇನ್ನೊಂದು ಪನಾರ್-ಲೆವಾಸೋರ್.

ಎಂಜಿನ್ ಮುಂದಕ್ಕೆ ಬಂದದ್ದು

ಈ ಎರಡನೇ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಪನಾರ್-ಲೆವಾಸೋರ್ ಮೊದಲು ಮರಗೆಲಸದ ಯಂತ್ರಗಳನ್ನು ಮಾಡುತ್ತಿದ್ದ ಕಂಪನಿ. ಅವರಿಗೆ ಪೆಟ್ರೋಲ್ ಎಂಜಿನ್ ಸಿಕ್ಕಿದ್ದರ ಹಿಂದೆ ಒಬ್ಬ ಮಹಿಳೆ ಇದ್ದಾರೆ, ಲೂಯಿಸ್ ಸರಾಜಾನ್. ಜರ್ಮನಿಯ ಡೈಮ್ಲರ್ ಎಂಜಿನ್ನುಗಳನ್ನು ಫ್ರಾನ್ಸಿನಲ್ಲಿ ತಯಾರಿಸುವ ವ್ಯವಹಾರ ಅವರ ಗಂಡನದ್ದಾಗಿತ್ತು. 1887ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆಯೇ ಡೈಮ್ಲರ್ ಜೊತೆ ಮಾತುಕತೆ ಮುಂದುವರಿಸಿ, ಆ ಹಕ್ಕನ್ನು ಉಳಿಸಿಕೊಂಡರು. 1890ರಲ್ಲಿ ಎಮಿಲ್ ಲೆವಾಸೋರ್ ಅವರನ್ನು ಮದುವೆಯಾದರು.

ಲೆವಾಸೋರ್ ಒಬ್ಬ ಎಂಜಿನಿಯರ್. ಆಗಿನ ಗಾಡಿಗಳಲ್ಲಿ ಎಂಜಿನ್ ಸೀಟಿನ ಕೆಳಗೋ ಹಿಂದೋ ಇರುತ್ತಿತ್ತು. 1891ರ ಹೊತ್ತಿಗೆ ಅವರು ಅದನ್ನು ಮುಂದಕ್ಕೆ ತಂದರು. ಮುಂದೆ ಎಂಜಿನ್, ಅದರ ಹಿಂದೆ ಕ್ಲಚ್, ಆಮೇಲೆ ಗೇರ್‌ಬಾಕ್ಸ್, ಕೊನೆಗೆ ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಮುಂದೆ ಹಲವು ದಶಕಗಳ ಕಾಲ ಜಗತ್ತಿನ ಬಹುಪಾಲು ಕಾರುಗಳು ಇದೇ ಜೋಡಣೆಯಲ್ಲಿ ಬಂದವು.

48 ಗಂಟೆ 48 ನಿಮಿಷ

ಈಗ 1895ರ ಜೂನ್‌ಗೆ ಬರೋಣ. ಪ್ಯಾರಿಸ್‌ನಿಂದ ಬೋರ್ಡೊ ನಗರಕ್ಕೆ ಹೋಗಿ ವಾಪಸ್ ಬರಬೇಕು. ಒಟ್ಟು 1,178 ಕಿ.ಮೀ. ಲೆವಾಸೋರ್‌ಗೆ ಆಗ 52 ವರ್ಷ. ಗಾಡಿಯ ಶಕ್ತಿ ಸುಮಾರು 4 ಅಶ್ವಶಕ್ತಿ. ನಮ್ಮ ಇವತ್ತಿನ ಸಣ್ಣ ಸ್ಕೂಟರಿನಲ್ಲೂ ಇದಕ್ಕಿಂತ ಜಾಸ್ತಿ ಇರುತ್ತೆ!

ರುಫೆಕ್ ಅನ್ನೋ ಊರಲ್ಲಿ ಸ್ಟಿಯರಿಂಗ್ ಅನ್ನು ಇನ್ನೊಬ್ಬ ಚಾಲಕನಿಗೆ ಒಪ್ಪಿಸೋದು ಅಂತ ಮಾತಾಗಿತ್ತು. ಆದರೆ ಲೆವಾಸೋರ್ ಅಂದುಕೊಂಡಿದ್ದಕ್ಕಿಂತ ಎಷ್ಟೋ ಮೊದಲು, ಇನ್ನೂ ಬೆಳಕು ಹರಿಯುವ ಮುಂಚೆ ಅಲ್ಲಿ ತಲುಪಿಬಿಟ್ಟರು. ಬದಲಿ ಚಾಲಕ ಮಲಗಿದ್ದ. ಕಾಯುವ ಬದಲು ಇವರು ಮುಂದೆ ಹೊರಟೇಬಿಟ್ಟರು. ಹೀಗೆ ಹೋಗಿ ಬರುವ ಎರಡೂ ದಾರಿಯನ್ನು ತಾವೇ ಓಡಿಸಿ, 48 ಗಂಟೆ 48 ನಿಮಿಷದಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 24 ಕಿ.ಮೀ. ಎರಡನೆಯ ಗಾಡಿ ಬಂದದ್ದು ಸುಮಾರು ಆರು ಗಂಟೆ ಆದ ಮೇಲೆ.

ಆದರೂ ಮೊದಲ ಬಹುಮಾನ ಅವರಿಗೆ ಬರಲಿಲ್ಲ. ಆ ಬಹುಮಾನ ಎರಡಕ್ಕಿಂತ ಹೆಚ್ಚು ಸೀಟಿನ ಗಾಡಿಗಳಿಗೆ ಮಾತ್ರ ಅಂತ ನಿಯಮ ಇತ್ತು. ಲೆವಾಸೋರ್ ಅವರದ್ದು ಎರಡೇ ಸೀಟು. ಹನ್ನೊಂದು ಗಂಟೆ ತಡವಾಗಿ ಬಂದ ಪ್ಯೂಜೊ ಗಾಡಿಗೆ ಬಹುಮಾನ ಹೋಯ್ತು.

ಇದೇ ರೇಸಿನಲ್ಲಿ ಮಿಶೆಲಿನ್ ಸಹೋದರರು ಗಾಳಿ ತುಂಬಿದ ಟೈರ್ ಹಾಕಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಪಂಕ್ಚರ್, ಎಲ್ಲರಿಗಿಂತ ಹಿಂದೆ. ಆದರೆ ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ಟೈರಿಗೆ ಬಂದರು. ಹೀಗೆ ರೇಸಿನಲ್ಲಿ ಸೋತ ಗಾಡಿಯಿಂದಲೂ ಒಂದು ಪಾಠ ಸಿಕ್ಕಿತು.

ಲೆವಾಸೋರ್ ಬಹಳ ದಿನ ಬದುಕಲಿಲ್ಲ. 1896ರ ಪ್ಯಾರಿಸ್–ಮಾರ್ಸೇ–ಪ್ಯಾರಿಸ್ ರೇಸಿನಲ್ಲಿ ನಾಯಿಯೊಂದು ಅಡ್ಡ ಬಂದು ಅವರ ಗಾಡಿ ಮಗುಚಿತು. ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡರು.

ರಸ್ತೆ ಅದೇ, ವೇಗ ಮಾತ್ರ ಬೇರೆ

ಅಲ್ಲಿಂದ ಮುಂದೆ ಸೀಟು, ಖರ್ಚು, ಸುಲಭ ಅನ್ನೋ ಷರತ್ತುಗಳೆಲ್ಲ ಹಿಂದೆ ಸರಿದವು. ಗಡಿಯಾರ ಹೇಳಿದ್ದೇ ತೀರ್ಪು ಅಂತಾಯ್ತು. ಕಾರಿನ ತೂಕಕ್ಕೆ 1,000 ಕಿಲೋ ಮಿತಿ ಹಾಕಿದಾಗ ತಯಾರಕರು ಎಂಜಿನ್ ಚಿಕ್ಕದು ಮಾಡಲಿಲ್ಲ. ಚೌಕಟ್ಟನ್ನೇ ಹಗುರ ಮಾಡಿದರು. 1903ರ ಹೊತ್ತಿಗೆ ಮೋರ್ಸ್ ಕಂಪನಿಯ ಕಾರಿನಲ್ಲಿ 11 ಲೀಟರಿಗೂ ದೊಡ್ಡ ಎಂಜಿನ್. ಬ್ರೇಕು ಮಾತ್ರ ಇನ್ನೂ ಹಿಂದಿನ ಚಕ್ರಗಳಿಗಷ್ಟೇ. ಓಡುವ ರಸ್ತೆ ಅದೇ ಹಳೇ ಮಣ್ಣಿನ, ಧೂಳಿನ ರಸ್ತೆ.

ಈಗ ರೆನೋ ಸಹೋದರರ ಕಥೆಗೆ ಬರೋಣ. 21 ವರ್ಷದ ಲೂಯಿ ರೆನೋ 1898ರಲ್ಲಿ ಮನೆಯ ತೋಟದ ಶೆಡ್ಡಿನಲ್ಲಿ ಒಂದು ಪುಟ್ಟ ಕಾರು ಕಟ್ಟಿದ. ಚೈನ್ ಬದಲು ನೇರವಾಗಿ ಶಾಫ್ಟಿನಿಂದ ಚಕ್ರ ತಿರುಗಿಸುವ ಕಾರು. ಅಣ್ಣ ಮಾರ್ಸೆಲ್ 1902ರ ಪ್ಯಾರಿಸ್–ವಿಯೆನ್ನಾ ರೇಸನ್ನು ಹಗುರವಾದ ರೆನೋದಲ್ಲೇ ಗೆದ್ದು, ದೊಡ್ಡ ದೊಡ್ಡ ಕಾರಿನವರನ್ನು ಹಿಂದೆ ಹಾಕಿದ.

1903ರ ಮೇ 24. ಪ್ಯಾರಿಸ್–ಮ್ಯಾಡ್ರಿಡ್ ರೇಸು. ಬೆಳಗಿನ ಜಾವ ವರ್ಸೇಲ್ಸ್‌ನಿಂದ ಇನ್ನೂರಕ್ಕೂ ಹೆಚ್ಚು ಗಾಡಿಗಳು ಒಂದರ ಹಿಂದೆ ಒಂದು ಹೊರಟವು. ದಾರಿಯ ಎರಡೂ ಬದಿ ಲಕ್ಷಾಂತರ ಜನ, ಕೆಲವರು ರಸ್ತೆಯ ಮೇಲೇ. ಧೂಳಲ್ಲಿ ಮುಂದಿನ ಗಾಡಿ ಕಾಣುತ್ತಿರಲಿಲ್ಲ. ಸಾಲುಮರಗಳ ತುದಿ ನೋಡಿ ರಸ್ತೆ ಎತ್ತ ತಿರುಗುತ್ತೆ ಅಂತ ಅಂದಾಜು ಮಾಡಬೇಕಿತ್ತು.

ಬೋರ್ಡೊಗೆ ಮೊದಲು ಬಂದದ್ದು ಲೂಯಿ ರೆನೋ. ಆದರೆ ಬಹಳ ಹಿಂದಿನಿಂದ ಹೊರಟು, ಧೂಳಿನ ನಡುವೆ ಒಂದೊಂದೇ ಗಾಡಿ ದಾಟಿಕೊಂಡು ಬಂದ ಫೆರ್ನಾಂಡ್ ಗಾಬ್ರಿಯೆಲ್ ಅವರ ಸಮಯ ಇನ್ನೂ ಕಡಿಮೆ ಇತ್ತು. 552 ಕಿ.ಮೀ.ಗೆ ಸರಾಸರಿ ಗಂಟೆಗೆ 105 ಕಿ.ಮೀ. ಮತ್ತೊಮ್ಮೆ ಮೊದಲು ಬಂದವರು ಗೆಲ್ಲಲಿಲ್ಲ. ಅಷ್ಟರಲ್ಲಿ ಲೂಯಿಗೆ ಬೇರೆಯೇ ಸುದ್ದಿ ಬಂತು. ಮಾರ್ಸೆಲ್ ಕಾರು ಕೂಎ-ವೆರಾಕ್ ಹತ್ತಿರ ಉರುಳಿತ್ತು. ಎರಡು ದಿನದಲ್ಲಿ ಆತ ತೀರಿಕೊಂಡ. ವಯಸ್ಸು 31. ಚಾಲಕರು, ಮೆಕ್ಯಾನಿಕ್‌ಗಳು, ನೋಡಲು ನಿಂತವರು ಸೇರಿ ಆ ರೇಸಿನಲ್ಲಿ ಹಲವರು ಸತ್ತರು.

ಫ್ರಾನ್ಸ್ ಸರ್ಕಾರ ರೇಸನ್ನು ಬೋರ್ಡೊದಲ್ಲೇ ನಿಲ್ಲಿಸಿತು. ಕಾರುಗಳ ಎಂಜಿನ್ ಚಾಲೂ ಮಾಡಲೂ ಬಿಡಲಿಲ್ಲ. ಕುದುರೆ ಕಟ್ಟಿ ರೈಲ್ವೆ ಸ್ಟೇಷನ್ನಿಗೆ ಎಳೆಸಿದರು. ಕುದುರೆಯಿಲ್ಲದ ಗಾಡಿಗಳು ಮನೆಗೆ ಹೋಗಲು ಕುದುರೆಯೇ ಬೇಕಾಯ್ತು ನೋಡಿ.

ಬೇಲಿ ಬಂತು

ಊರಿಂದೂರಿಗೆ ಓಡೋ ರೇಸಿನ ಕಾಲ ಅಲ್ಲಿಗೆ ಮುಗಿಯಿತು. ಲೂಯಿ ರೆನೋ ತಾನು ರೇಸ್ ಓಡಿಸೋದನ್ನು ಬಿಟ್ಟ. 1906ರ ಜೂನ್ 26 ಮತ್ತು 27ರಂದು ಫ್ರಾನ್ಸಿನ ಆಟೊಮೊಬೈಲ್ ಕ್ಲಬ್ ಲೆ ಮಾನ್ಸ್ ಹತ್ತಿರ ಮೊದಲ ಗ್ರ್ಯಾನ್ ಪ್ರೀ ನಡೆಸಿತು. 103 ಕಿ.ಮೀ. ಸುತ್ತಳತೆಯ ರಸ್ತೆಯನ್ನು ಬೇರೆ ವಾಹನಗಳಿಗೆ ಮುಚ್ಚಿ, ಜನ ನುಗ್ಗುವ ಕಡೆ ಬೇಲಿ ಹಾಕಿ, ಊರೊಳಗೆ ಹೋಗದಂತೆ ಕೆಲವು ಕಡೆ ಮರದ ಹಲಗೆಯ ರಸ್ತೆಯನ್ನೇ ಕಟ್ಟಿದರು. ಗೆದ್ದದ್ದು ಫೆರೆಂಕ್ ಸಿಸ್. ಹಂಗೇರಿಯವರು, ಹಿಂದೆ ಲೂಯಿ ಪಕ್ಕ ಮೆಕ್ಯಾನಿಕ್ ಆಗಿ ಕೂತವರು. ಅವರ ರೆನೋ ಕಾರಿನಲ್ಲಿ ರಿಮ್ ಸಮೇತ ಟೈರ್ ಬಿಚ್ಚಿ ಹಾಕಬಹುದಿತ್ತು. ಆ ಉಪಾಯ ಮಿಶೆಲಿನ್ ಅವರದ್ದು, ಹನ್ನೊಂದು ವರ್ಷದ ಹಿಂದೆ ಪಂಕ್ಚರ್ ಆಗಿ ಆಗಿ ಕೊನೆಗೆ ಬಂದಿದ್ದರಲ್ಲ, ಅವರೇ.

1894ರಲ್ಲಿ ಆ ಪತ್ರಿಕೆ ಬರೆದಿದ್ದ ಮೊದಲ ಷರತ್ತು ಅಪಾಯ ಇರಬಾರದು ಅನ್ನೋದು. ಅದನ್ನು ಮತ್ತೆ ನೆನಪಿಸಿಕೊಳ್ಳೋಕೆ ಒಂಬತ್ತು ವರ್ಷ ಹಿಡಿಯಿತು, ಮಾರ್ಸೆಲ್‌ನಂಥವರ ಜೀವವೂ ಹೋಯಿತು. ಮುಂದಿನ ಸಲ ಟಿವಿಯಲ್ಲಿ ರೇಸ್ ನೋಡುವಾಗ ಟ್ರ್ಯಾಕಿನ ಪಕ್ಕದ ಆ ಬೇಲಿಯನ್ನೂ ಒಮ್ಮೆ ನೋಡಿ.